ಒಂದೇ ಆಲ್ಬಮ್, ಹತ್ತು ಅವತಾರ: ಯಾವುದನ್ನು ಕೊಳ್ಳಬೇಕು?

ಲೆಡ್ ಜೆಪಲಿನ್ ತಂಡದ ಎರಡನೇ ಆಲ್ಬಮ್ ಕೊಳ್ಳಲು ಹೊರಟಿರಿ ಎನ್ನಿ. 1969ರ ಮೊದಲ ಮುದ್ರಣದ ಎಲ್‌ಪಿ ಇದೆ. ಎಂಬತ್ತರ ದಶಕದ ಸಿಡಿ ಇದೆ, ತೊಂಬತ್ತರ ದಶಕದ ರೀಮಾಸ್ಟರ್ ಇದೆ. 2014ರಲ್ಲಿ ಗಿಟಾರ್ ವಾದಕ ಜಿಮ್ಮಿ ಪೇಜ್ ತಾನೇ ನಿಂತು ಮಾಡಿಸಿದ ಆವೃತ್ತಿಯಂತೂ ಒಂಟಿ ಸಿಡಿ, ಜೋಡಿ ಸಿಡಿ, ಎಲ್‌ಪಿ, ಎಲ್ಲವನ್ನೂ ತುಂಬಿದ ದೊಡ್ಡ ಪೆಟ್ಟಿಗೆ ಅಂತ ಹಲವು ರೂಪಗಳಲ್ಲಿ ಸಿಗುತ್ತದೆ. ಮೂಲ ಆಲ್ಬಮ್ಮಿನ ಹಾಡುಗಳು ಎಲ್ಲದರಲ್ಲೂ ಅವೇ ಒಂಬತ್ತು. ಬೆಲೆ ಮಾತ್ರ ಕೆಲವು ನೂರು ರೂಪಾಯಿಯಿಂದ ಹತ್ತಾರು ಸಾವಿರದವರೆಗೆ. ಹೊಸದಾಗಿ ಬಂದ ಪ್ರತಿಯೊಂದರ ಮೇಲೂ ‘ರೀಮಾಸ್ಟರ್ಡ್’, ‘ಡಿಲಕ್ಸ್’, ‘ಲಿಮಿಟೆಡ್’ ಎಂಬ ಹೊಳೆಯುವ ಸ್ಟಿಕರ್ ಬೇರೆ.

ರಾಕ್, ಬ್ಲೂಸ್ ಸಂಗ್ರಹಕ್ಕೆ ಕೈಹಾಕಿದವರು ಮೊದಲು ತಬ್ಬಿಬ್ಬಾಗುವುದೇ ಇಲ್ಲಿ. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಅಲ್ಲಿ ಕುಣಿದಿದ್ದ ಕಾಲೇಜು ಹುಡುಗ ಹುಡುಗಿಯರು ಈಗ ನಡುವಯಸ್ಸಿನವರು. ಅಂದು ಕ್ಯಾಸೆಟ್‌ನಲ್ಲೋ ಯಾರೋ ಕಾಪಿ ಮಾಡಿಕೊಟ್ಟ ಎಂಪಿ3ಯಲ್ಲೋ ಕೇಳಿದ್ದನ್ನು ಇಂದು ಒಳ್ಳೆಯ ರೂಪದಲ್ಲಿ ಮನೆಯಲ್ಲಿಟ್ಟುಕೊಳ್ಳಲು ಕೈಯಲ್ಲಿ ಕಾಸಿದೆ. ಕಂಪನಿಗಳು ಹುಡುಕುತ್ತಿರುವುದೂ ಅಂಥವರನ್ನೇ.

ಮೊದಲೇ ಹೇಳಿಬಿಡುತ್ತೇನೆ: ಸ್ಟಿಕರ್ ಓದಿ ಕೊಳ್ಳಬೇಡಿ, ಟೇಪು ಯಾವುದೆಂದು ವಿಚಾರಿಸಿ ಕೊಳ್ಳಿ. ರಾಕ್ ಆದರೆ ಬಿಡಿ ಆಲ್ಬಮ್ ಕೊಳ್ಳಿ, ಬ್ಲೂಸ್ ಆದರೆ ಪೆಟ್ಟಿಗೆಯನ್ನೇ ಕೊಳ್ಳಿ. ಯಾಕೆ ಅನ್ನುವುದನ್ನು ನೋಡೋಣ.

ಟೇಪಿನಿಂದ ತಟ್ಟೆಯವರೆಗೆ

ಸ್ಟುಡಿಯೋದಲ್ಲಿ ಡ್ರಮ್, ಗಿಟಾರ್, ಗಾಯನ ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ದಾಖಲಾಗುತ್ತವೆ. ಅವನ್ನು ಹದವಾಗಿ ಬೆರೆಸಿ ಎರಡು ಚಾನೆಲ್‌ಗೆ ಇಳಿಸುವುದು ಮಿಕ್ಸಿಂಗ್. ಹಾಗೆ ಸಿದ್ಧವಾದದ್ದೇ ಮಾಸ್ಟರ್ ಟೇಪ್. ಆ ಟೇಪಿನ ಸದ್ದಿನ ಮಟ್ಟ, ಮಂದ್ರ-ತಾರಗಳ ತೂಕ ನೋಡಿಕೊಂಡು ಎಲ್‌ಪಿಗೋ ಸಿಡಿಗೋ ಒಗ್ಗಿಸುವುದು ಮಾಸ್ಟರಿಂಗ್. ಮಾಡಿಟ್ಟ ಸಾರನ್ನು ಬಿಸಿಮಾಡಿ ಹೊಸ ಒಗ್ಗರಣೆ ಕೊಟ್ಟರೆ ಅದು ರೀಮಾಸ್ಟರ್. ಬೇಳೆ ತರಕಾರಿಯಿಂದಲೇ ಮತ್ತೆ ಅಡುಗೆಗಿಳಿದರೆ ರೀಮಿಕ್ಸ್. ಎರಡನ್ನೂ ಒಂದೇ ಎಂದುಕೊಂಡು ದುಡ್ಡು ಕೊಟ್ಟವರು ಬಹಳ ಜನ.

ಟೆಕ್ಸಸ್‌ನ ಬ್ಲೂಸ್-ರಾಕ್ ತಂಡ ಜೀಜೀ ಟಾಪ್‌ನ ಎಪ್ಪತ್ತರ ದಶಕದ ಆಲ್ಬಮ್‌ಗಳು 1987ರಲ್ಲಿ ‘ಸಿಕ್ಸ್‌ಪ್ಯಾಕ್’ ಎಂಬ ಸಿಡಿ ಸೆಟ್ಟಾಗಿ ಬಂದಾಗ ಹಾಡುಗಳನ್ನು ರೀಮಿಕ್ಸ್ ಮಾಡಿದ್ದರು. ಒಣ, ಒರಟು ಡ್ರಮ್ಮಿನ ಜಾಗದಲ್ಲಿ ಎಂಬತ್ತರ ದಶಕದ ಪ್ರತಿಧ್ವನಿ ತುಂಬಿದ ಡ್ರಮ್ ಬಂದು ಕೂತಿತ್ತು. ವರ್ಷಗಟ್ಟಲೆ ಸಿಡಿಯಲ್ಲಿ ಸಿಗುತ್ತಿದ್ದುದು ಅದೇ. ‘ತ್ರೆಸ್ ಒಂಬ್ರೆಸ್’ ಆಲ್ಬಮ್ಮಿನ ಮೂಲ ಮಿಕ್ಸ್ ಸಿಡಿಯಲ್ಲಿ ಕೇಳಲು ಜನ 2006ರವರೆಗೆ ಕಾಯಬೇಕಾಯಿತು. 2013ರ ಪೂರ್ಣ ಪೆಟ್ಟಿಗೆಯಲ್ಲಿ ಉಳಿದವೂ ಮರಳಿದವು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಹಳೆಯ ಸಿಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಇಂಥ ಚರಿತ್ರೆ ತಿಳಿದಿರಬೇಕು.

ಇನ್ನೊಂದು, ನಕಲಿನ ಸಮಸ್ಯೆ. ಮಾಸ್ಟರ್ ಟೇಪಿನ ನಕಲು, ಆ ನಕಲಿನ ನಕಲು ಹೀಗೆ ದೇಶದೇಶಕ್ಕೆ ಹೋಗುತ್ತಿತ್ತು. ಪ್ರತಿ ನಕಲಿಗೂ ಟೇಪಿನ ‘ಸ್ಸ್’ ಸದ್ದು ಹೆಚ್ಚುತ್ತದೆ, ಸಿಂಬಲ್‌ನ ಮಿಂಚು ಮಂಕಾಗುತ್ತದೆ. ಸಿಡಿ ಬಂದ ಹೊಸತರಲ್ಲಿ ಎಷ್ಟೋ ಕಂಪನಿಗಳು ಕೈಗೆ ಸಿಕ್ಕ ನಕಲನ್ನೇ ಹಾಕಿ ಮುಗಿಸಿದವು. ಆಮೇಲೆ ಬಂದ ರೀಮಾಸ್ಟರ್‌ಗಳಲ್ಲಿ ಹಲವು ನಿಜಕ್ಕೂ ಉತ್ತಮ. ರೋಲಿಂಗ್ ಸ್ಟೋನ್ಸ್‌ನ ‘ಬೆಗರ್ಸ್ ಬ್ಯಾಂಕ್ವೆಟ್’ 1968ರಿಂದಲೂ ಕೊಂಚ ನಿಧಾನಗತಿಯಲ್ಲೇ ಓಡುತ್ತಿತ್ತು. 2002ರ ಮರುಮುದ್ರಣದಲ್ಲಿ ವೇಗ ಸರಿಪಡಿಸಿದರು. ಹಳೆಯದೆಲ್ಲ ಚಿನ್ನ ಎನ್ನುವವರು ಇದನ್ನು ನೆನಪಿಡಲಿ.

ಆದರೆ ತೊಂಬತ್ತರ ದಶಕದ ನಡುವಿನಿಂದ ಬೇರೊಂದು ರೋಗ ಹತ್ತಿಕೊಂಡಿತು. ಹಾಡಿನ ಮೆಲ್ಲನೆಯ ಭಾಗವನ್ನೂ ಎತ್ತಿ ಜೋರಿನ ಮಟ್ಟಕ್ಕೆ ತಂದು, ಇಡೀ ತಟ್ಟೆಯನ್ನು ಒಂದೇ ಅಬ್ಬರಕ್ಕೆ ಏರಿಸುವುದು. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ ಭೇಷ್ ಎನಿಸುತ್ತದೆ, ಮನೆಯಲ್ಲಿ ಅರ್ಧ ಗಂಟೆಗೆ ಕಿವಿ ದಣಿಯುತ್ತದೆ. ದ ಸ್ಟೂಜಸ್ ತಂಡದ ‘ರಾ ಪವರ್’ ಆಲ್ಬಮ್ಮನ್ನು 1997ರಲ್ಲಿ ಗಾಯಕ ಇಗ್ಗಿ ಪಾಪ್ ತಾನೇ ರೀಮಿಕ್ಸ್ ಮಾಡಿದ್ದು ಇದರ ಕುಖ್ಯಾತ ಉದಾಹರಣೆ. 1973ರ ಮೂಲ ಎಲ್‌ಪಿಗೆ ಡೇವಿಡ್ ಬೋವಿ ಮಾಡಿದ್ದ ಮಿಕ್ಸ್ 2010ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಎರಡು ಆವೃತ್ತಿ ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದುಕೊಂಡೇ ಕೇಳಿ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ನಂಬುವುದು ಕಿವಿಯ ಸ್ವಭಾವ.

ಬ್ಲೂಸ್‌ನ ಲೆಕ್ಕವೇ ಬೇರೆ

ಅರವತ್ತರ ದಶಕದ ನಡುವಿನಿಂದ ರಾಕ್ ತಂಡಗಳು ಆಲ್ಬಮ್ಮನ್ನೇ ಒಂದು ಕೃತಿಯೆಂದು ಯೋಚಿಸಿ ಮಾಡಿದವು. ಯಾವ ಹಾಡು ಮೊದಲು, ಎರಡನೇ ಬದಿ ಯಾವುದರಿಂದ ಶುರು ಎಂಬುದೆಲ್ಲ ತೀರ್ಮಾನವಾಗಿರುತ್ತಿತ್ತು. ಅಂಥದ್ದಕ್ಕೆ ಹತ್ತು ಬೋನಸ್ ಹಾಡು ಅಂಟಿಸಿದರೆ ಕೃತಿ ದೊಡ್ಡದಾಗುತ್ತದೆ, ಅಷ್ಟೆ.

ಬ್ಲೂಸ್ ಬೆಳೆದದ್ದು ಬಿಡಿ ಹಾಡುಗಳಲ್ಲಿ: ಮೊದಲು 78 ವೇಗದ ಅರಗಿನ ತಟ್ಟೆ, ಆಮೇಲೆ 45. ಮಡ್ಡಿ ವಾಟರ್ಸ್‌ನ ಮೊದಲ ಎಲ್‌ಪಿ ಬಂದದ್ದು 1958ರಲ್ಲಿ. ಅದು ಆಗಲೇ ಹೊರಬಂದಿದ್ದ ಬಿಡಿ ಹಾಡುಗಳ ಆಯ್ಕೆ. ಹೌಲಿನ್ ವುಲ್ಫ್‌ನ 1959ರ ಮೊದಲ ಎಲ್‌ಪಿಯ ಕಥೆಯೂ ಅದೇ. ರಾಬರ್ಟ್ ಜಾನ್ಸನ್ 1936-37ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಮತ್ತು ಡಲ್ಲಾಸ್‌ನಲ್ಲಿ 29 ಹಾಡು ಹಾಡಿ 1938ರಲ್ಲಿ ತೀರಿಕೊಂಡ. ಅವನ ಮೊದಲ ಎಲ್‌ಪಿ ಬಂದದ್ದು 1961ರಲ್ಲಿ. ಎರಿಕ್ ಕ್ಲ್ಯಾಪ್ಟನ್, ಕೀತ್ ರಿಚರ್ಡ್ಸ್ ಮುಂತಾದವರ ತಲೆಮಾರು ಅವನನ್ನು ಕೇಳಿದ್ದೇ ಆ ಎಲ್‌ಪಿಯಿಂದ. ಹೀಗಾಗಿ ಬ್ಲೂಸ್ ಕಲಾವಿದರಿಗೆ, ಕಾಲಾನುಕ್ರಮದಲ್ಲಿ ಹಾಡುಗಳನ್ನು ಜೋಡಿಸಿ ಒಳ್ಳೆಯ ಟಿಪ್ಪಣಿ ಪುಸ್ತಕ ಕೊಟ್ಟ ಪೆಟ್ಟಿಗೆಯೇ ಸಹಜವಾದ ರೂಪ. ಇದಕ್ಕೆ ಅಪವಾದವೂ ಉಂಟು: ಮಡ್ಡಿ ವಾಟರ್ಸ್‌ನ ‘ಫೋಕ್ ಸಿಂಗರ್’ (1964), ಜೂನಿಯರ್ ವೆಲ್ಸ್‌ನ ‘ಹೂಡೂ ಮ್ಯಾನ್ ಬ್ಲೂಸ್’ (1965), ಬಿ.ಬಿ. ಕಿಂಗ್‌ನ ‘ಲೈವ್ ಅಟ್ ದ ರೀಗಲ್’ (1965). ಇವು ಆಲ್ಬಮ್ ಆಗಿಯೇ ಹುಟ್ಟಿದವು, ಹಾಗೆಯೇ ಕೊಳ್ಳಿ.

ಎರಡನೇ ಮಹಾಯುದ್ಧಕ್ಕೆ ಮೊದಲಿನ ಬ್ಲೂಸ್‌ಗೆ ಟೇಪೇ ಇಲ್ಲ. ಅಮೆರಿಕದ ಸ್ಟುಡಿಯೋಗಳಿಗೆ ಟೇಪ್ ಬಂದದ್ದು ನಲವತ್ತರ ದಶಕದ ಕೊನೆಯಲ್ಲಿ. ಹಾಗಾಗಿ 1929ರ ಹಾಡಿನ ಮೇಲೆ ‘ಮೂಲ ಟೇಪಿನಿಂದ’ ಎಂದು ಬರೆದಿದ್ದರೆ ನಕ್ಕು ಮುಂದೆ ಹೋಗಿ. ಚಾರ್ಲಿ ಪ್ಯಾಟನ್, ಸನ್ ಹೌಸ್ ಮುಂತಾದವರನ್ನು ಮುದ್ರಿಸಿದ ಪ್ಯಾರಮೌಂಟ್ ಲೇಬಲ್ ನಡೆಸುತ್ತಿದ್ದುದು ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಂಪನಿ! ಅವರ ಲೋಹದ ಅಚ್ಚುಗಳು ಉಳಿಯಲಿಲ್ಲ. ಉಳಿದದ್ದು ಸಂಗ್ರಾಹಕರ ಬಳಿ ಇದ್ದ ಸವೆದ ತಟ್ಟೆಗಳು. ಇಲ್ಲಿ ಚರಪರ ಸದ್ದು ಇದ್ದೇ ಇರುತ್ತದೆ. ಅದನ್ನು ಪೂರ್ತಿ ತೆಗೆದ ಆವೃತ್ತಿಯಲ್ಲಿ ಗಿಟಾರಿನ ತಂತಿಯ ಮೊನಚೂ ಹೋಗಿರುತ್ತದೆ, ದನಿ ನೀರಿನೊಳಗಿಂದ ಬಂದಂತಿರುತ್ತದೆ. ಸದ್ದು ಇರುವುದನ್ನೇ ಆರಿಸಿಕೊಳ್ಳಿ.

ಟೇಪ್ ಇದ್ದ ಕಾಲದವಕ್ಕೂ ಪೂರ್ತಿ ಭರವಸೆಯಿಲ್ಲ. 2008ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣಕ್ಕೆ ಬೆಂಕಿ ಬಿತ್ತು. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಚಕ್ ಬೆರ್ರಿ ಹಾಡಿದ್ದ ಚೆಸ್ ಲೇಬಲ್ಲಿನ ಟೇಪ್‌ಗಳೂ ಸುಟ್ಟವುಗಳ ಪೈಕಿ ಇದ್ದವು ಎಂದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ನಷ್ಟ ಅಷ್ಟು ದೊಡ್ಡದಲ್ಲ ಎಂದು ಯೂನಿವರ್ಸಲ್ ಸಂಗೀತ ಕಂಪನಿ ವಾದಿಸಿತು. ಯಾರ ಮಾತು ಸರಿಯಾದರೂ, 2008ಕ್ಕೆ ಮೊದಲು ಬಂದ ಒಳ್ಳೆಯ ಸಿಡಿಗಳನ್ನು ಹಳತಾಯಿತೆಂದು ಮಾರಿಬಿಡಬೇಡಿ. 1989ರ ಮಡ್ಡಿ ವಾಟರ್ಸ್ ‘ಚೆಸ್ ಬಾಕ್ಸ್’ ಅಂಥದ್ದು.

ಕೊಳ್ಳುವ ಮುನ್ನ

1. ನಿಮ್ಮ ಬಳಿ ಏನಿದೆ ನೋಡಿಕೊಳ್ಳಿ. ಸೂಟ್‌ಕೇಸ್ ಮಾದರಿಯ ಅಗ್ಗದ ಟರ್ನ್‌ಟೇಬಲ್ಲಿಗೆ ದುಬಾರಿ ಎಲ್‌ಪಿ ದಂಡ. ಮೊದಲು ಮುಳ್ಳು, ಸ್ಪೀಕರ್ ಸರಿಮಾಡಿಕೊಳ್ಳಿ. ಸಿಡಿ ಪ್ಲೇಯರ್ ಇದ್ದರೆ ಸಿಡಿಗಳತ್ತ ಹೋಗಿ. ಬಾಕ್ಸ್ ಸೆಟ್ ವಿಷಯದಲ್ಲಿ ಈಗಲೂ ದುಡ್ಡಿಗೆ ತಕ್ಕ ಮಾಲು ಅದರಲ್ಲೇ.

2. ಯಾರು, ಯಾವುದರಿಂದ, ಎಲ್ಲಿ ಮಾಸ್ಟರ್ ಮಾಡಿದರು ಎಂದು ಹುಡುಕಿ. ಪ್ರಾಮಾಣಿಕ ಮರುಮುದ್ರಣದಲ್ಲಿ ಎಂಜಿನಿಯರ್ ಹೆಸರು, ಬಳಸಿದ ಟೇಪಿನ ವಿವರ ಅಚ್ಚಾಗಿರುತ್ತದೆ. ಬೀಟಲ್ಸ್‌ನ 2012ರ ಸ್ಟೀರಿಯೋ ಎಲ್‌ಪಿಗಳು ಡಿಜಿಟಲ್ ಫೈಲ್‌ಗಳಿಂದ ಬಂದವು, 2014ರ ಮೋನೋ ಎಲ್‌ಪಿಗಳು ನೇರ ಟೇಪಿನಿಂದ; ಎರಡೂ ಸಂಗತಿಯನ್ನು ಮುಚ್ಚಿಡಲಿಲ್ಲ. ಏನೂ ಬರೆಯದೆ ‘180 ಗ್ರಾಂ’ ಎಂದಷ್ಟೇ ಹೊಗಳಿಕೊಂಡಿದ್ದರೆ ಅನುಮಾನಿಸಿ.

3. ತಟ್ಟೆಯ ಮೈ ಓದಿ. ಎಲ್‌ಪಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ನುಣುಪಾದ ಒಂದು ಪಟ್ಟಿ ಇರುತ್ತದಲ್ಲ, ಅಲ್ಲಿ ಸಣ್ಣದಾಗಿ ಗೀಚಿದ ಅಕ್ಷರ, ಅಂಕಿ ಕಾಣುತ್ತವೆ. ಆ ತಟ್ಟೆಯ ಗುರುತು ಅದು. ಲೆಡ್ ಜೆಪಲಿನ್‌ನ ಎರಡನೇ ಆಲ್ಬಮ್ಮಿನ ಮೊದಲ ಅಮೆರಿಕನ್ ಮುದ್ರಣದಲ್ಲಿ ಅಲ್ಲಿ ‘ಆರ್‌ಎಲ್’ ಎಂದಿದ್ದರೆ ಕೆತ್ತಿದವನು ರಾಬರ್ಟ್ ಲಡ್ವಿಗ್. ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳು ಜಿಗಿಯುತ್ತದೆ ಎಂಬ ದೂರು ಬರುವಷ್ಟು ಗಟ್ಟಿಯಾಗಿ ಕೆತ್ತಿದ್ದ. ಕಂಪನಿ ಅದನ್ನು ಬಿಟ್ಟು ಸೌಮ್ಯವಾಗಿ ಮತ್ತೆ ಕೆತ್ತಿಸಿತು. ಹೊರಗವಚ ಒಂದೇ ಥರ ಇರುವ ಎರಡು ಎಲ್‌ಪಿಗಳ ಬೆಲೆ ಅಜಗಜಾಂತರವಾಗುವುದು ಈ ಎರಡು ಅಕ್ಷರಕ್ಕೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಮಾರುವವರಿಂದ ಈ ಪಟ್ಟಿಯ ಫೋಟೋ ಕೇಳಿ, ಡಿಸ್ಕಾಗ್ಸ್‌ನಂಥ ಜಾಲತಾಣದ ದತ್ತಾಂಶದ ಜೊತೆ ತಾಳೆ ನೋಡಿ. ಫೋಟೋ ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.

4. ಎರಡನೇ ಸಲ ಕೇಳುವ ಡಿಸ್ಕ್ ಎಷ್ಟು, ಎಣಿಸಿ. ಬಾಬ್ ಡಿಲನ್‌ನ ‘ದ ಕಟಿಂಗ್ ಎಡ್ಜ್’ (2015) ಎರಡು, ಆರು, ಹದಿನೆಂಟು ಸಿಡಿಗಳ ಮೂರು ಅಳತೆಯಲ್ಲಿ ಬಂತು. ಆರು ಸಿಡಿಗಳ ಸೆಟ್ಟಿನಲ್ಲಿ ಒಂದು ಸಿಡಿ ತುಂಬ ‘ಲೈಕ್ ಎ ರೋಲಿಂಗ್ ಸ್ಟೋನ್’ ಒಂದೇ ಹಾಡಿನ ಪ್ರಯತ್ನಗಳು. ಹಾಡು ಎಡವುತ್ತ, ತಡವರಿಸುತ್ತ ರೂಪ ತಳೆಯುವುದನ್ನು ಕೇಳುವುದು ಒಂದು ಸಲಕ್ಕೆ ರೋಮಾಂಚನ. ಹದಿನೆಂಟರದ್ದು ಸಂಶೋಧಕರಿಗೆ.

5. ಜೋಡಣೆ ನೋಡಿ. 1990ರ ರಾಬರ್ಟ್ ಜಾನ್ಸನ್ ಪೆಟ್ಟಿಗೆ ಬ್ಲೂಸ್ ಮರುಮುದ್ರಣಗಳ ಚರಿತ್ರೆಯಲ್ಲೇ ದೊಡ್ಡ ಗೆಲುವು, ಗ್ರ್ಯಾಮಿ ಬಂತು. ಆದರೆ ಅದರಲ್ಲಿ ಒಂದು ಹಾಡು ಮುಗಿಯುತ್ತಲೇ ಅದೇ ಹಾಡಿನ ಇನ್ನೊಂದು ಟೇಕ್ ಶುರುವಾಗುತ್ತದೆ. ಅಧ್ಯಯನಕ್ಕೆ ಸರಿ, ಸಂಜೆ ಕೂತು ಕೇಳುವುದಕ್ಕೆ ಕಿರಿಕಿರಿ. 2011ರ ಶತಮಾನೋತ್ಸವ ಆವೃತ್ತಿಯಲ್ಲಿ ಹೆಚ್ಚುವರಿ ಟೇಕ್‌ಗಳನ್ನು ಪ್ರತಿ ಡಿಸ್ಕಿನ ಕೊನೆಗೆ ಸರಿಸಿದ್ದಾರೆ. ನನ್ನ ಮತ ಅದಕ್ಕೆ.

6. ಕಾಯಿರಿ. ಪಿಂಕ್ ಫ್ಲಾಯ್ಡ್‌ನ ‘ಅರ್ಲಿ ಇಯರ್ಸ್’ ಎಂಬ 27 ಡಿಸ್ಕುಗಳ ಮಹಾಪೆಟ್ಟಿಗೆ 2016ರಲ್ಲಿ ಬಂತು. ಮರುವರ್ಷ ಅದರೊಳಗಿನ ಸಂಪುಟಗಳಲ್ಲಿ ಒಂದನ್ನು ಬಿಟ್ಟು ಉಳಿದವು ಬಿಡಿಬಿಡಿಯಾಗಿ ಸಿಕ್ಕವು. ಕಾಯಬಾರದ್ದೂ ಇದೆ: ಜರ್ಮನಿಯ ಬೇರ್ ಫ್ಯಾಮಿಲಿಯಂಥ ಸಣ್ಣ ಕಂಪನಿಗಳ ದಪ್ಪ ಪುಸ್ತಕ ಸಹಿತ ಪೆಟ್ಟಿಗೆಗಳು ಒಮ್ಮೆ ಮುಗಿದರೆ ಮತ್ತೆ ಬರುವುದು ಕಷ್ಟ.

7. ವಿದೇಶದಿಂದ ತರಿಸುವುದಾದರೆ ಪೂರ್ತಿ ಲೆಕ್ಕ ಹಾಕಿ. ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಬೀಳುವುದು ಸಾಗಣೆ ವೆಚ್ಚವೂ ಸೇರಿದ ಮೊತ್ತದ ಮೇಲೆ. ‘ಗಿಫ್ಟ್’ ಎಂದು ಬರೆಸಿ ಬೆಲೆ ಇಳಿಸಿ ತೋರಿಸುವ ಉಪಾಯ ಕಾನೂನಿಗೆ ವಿರುದ್ಧ. ಪಾರ್ಸೆಲ್ ಕಳೆದರೆ ವಿಮೆಯ ಹಣವೂ ಆ ಇಳಿಸಿದ ಬೆಲೆಯಷ್ಟೇ. ಅಮೆರಿಕದಿಂದ ಬರುವ ಭಾವನಿಗೋ ಅಕ್ಕನಿಗೋ ಹೇಳಿ ತರಿಸುವವರು ಸಿಡಿ ಪೆಟ್ಟಿಗೆ ಹೇಳಿ. ಎಲ್‌ಪಿ ಪೆಟ್ಟಿಗೆ ಹೊತ್ತು ತಂದವರು ಮುಂದಿನ ಸಲ ಫೋನ್ ಎತ್ತುವುದಿಲ್ಲ.

ಬಹಳ ಜನ ಎಡವುವ ಕಡೆ

ತೂಕದ ಭ್ರಮೆ. 180 ಗ್ರಾಮಿನ ಎಲ್‌ಪಿ ಕೈಗೆ ಗಟ್ಟಿಯಾಗಿ ಸಿಗುತ್ತದೆ, ನಿಜ. ಸಂಗೀತ ಇರುವುದು ಮೇಲಿನ ಗೆರೆಗಳಲ್ಲಿ. ಗೆರೆಯ ಆಳ ತೂಕದಿಂದ ಹೆಚ್ಚುವುದಿಲ್ಲ.

‘ಶುದ್ಧ ಅನಲಾಗ್’ ಭಕ್ತಿ. 2022ರಲ್ಲಿ, ಮೂಲ ಮಾಸ್ಟರ್ ಟೇಪಿನ ಹೆಸರಲ್ಲೇ ಪ್ರಸಿದ್ಧವಾದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ತನ್ನ ಎಷ್ಟೋ ಎಲ್‌ಪಿಗಳಿಗೆ ನಡುವೆ ಒಂದು ಡಿಜಿಟಲ್ ಹಂತ ಬಳಸುತ್ತಿದ್ದುದು ಬಯಲಾಯಿತು. ಗ್ರಾಹಕರು ಕೋರ್ಟಿಗೆ ಹೋದರು. ಹೇಳದೆ ಮಾರಿದ್ದು ತಪ್ಪೇ. ಆದರೆ ಅಷ್ಟು ವರ್ಷ ಆ ತಟ್ಟೆಗಳನ್ನು ಹೊಗಳಿದ್ದ ಪಳಗಿದ ಕಿವಿಗಳಿಗೂ ಅದು ಗೊತ್ತಾಗಿರಲಿಲ್ಲ ಎನ್ನುವುದು ನನಗೆ ಇನ್ನೂ ಸ್ವಾರಸ್ಯಕರ.

ನಕಲಿ ಸ್ಟೀರಿಯೋ. ಅರವತ್ತರ ದಶಕದಲ್ಲಿ ಮೋನೋ ಹಾಡುಗಳನ್ನು ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಹೆಚ್ಚಿಸಿ ‘ಸ್ಟೀರಿಯೋ’ ಎಂದು ಮಾರಿದರು. ಕವರಿನ ಮೇಲೆ ‘ಎಲೆಕ್ಟ್ರಾನಿಕಲಿ’ ಎಂದು ಶುರುವಾಗುವ ಸಾಲು ಕಂಡರೆ ವಾಪಸ್ ಇಡಿ. ಐವತ್ತರ ದಶಕದ ಚೆಸ್ ಹಾಡುಗಳನ್ನು ಮೋನೋದಲ್ಲೇ ಕೇಳಬೇಕು.

ಅಗ್ಗದ ‘ಸಂಪೂರ್ಣ’ ಸೆಟ್ಟುಗಳು. ಯುರೋಪಿನಲ್ಲಿ 1962 ಮತ್ತು ಅದಕ್ಕೂ ಹಿಂದೆ ಹೊರಬಂದ ಧ್ವನಿಮುದ್ರಣಗಳ ಹಕ್ಕುಸ್ವಾಮ್ಯ ಮುಗಿದಿದೆ. ಹಾಗಾಗಿ ಯಾರು ಬೇಕಾದರೂ ಅಂಗಡಿಯಿಂದ ಸಿಡಿ ತಂದು ಅದರಿಂದಲೇ ಇನ್ನೊಂದು ಸಿಡಿ ಮಾಡಿ ಮಾರಬಹುದು, ಮಾರುತ್ತಿದ್ದಾರೆ. ಎಲ್ಲವೂ ಕಳಪೆಯಲ್ಲ. ಬ್ರಿಟನ್ನಿನ ಜೆಎಸ್‌ಪಿ ಲೇಬಲ್ಲಿನ ಯುದ್ಧಪೂರ್ವ ಬ್ಲೂಸ್ ಸೆಟ್ಟುಗಳು ಅಗ್ಗವೂ ಹೌದು, ಶ್ರದ್ಧೆಯವೂ ಹೌದು. ದಾಖಲಾದ ತಾರೀಖು, ಜೊತೆ ನುಡಿಸಿದವರ ಹೆಸರು ಅಚ್ಚಾಗಿದೆಯೇ ನೋಡಿ, ಅದಿಲ್ಲದಿದ್ದರೆ ಬೇಡ. ಐವತ್ತನೇ ವರ್ಷಕ್ಕೆ ಪೆಟ್ಟಿಗೆಗಳು ಸಾಲುಗಟ್ಟಿ ಬರುವುದಕ್ಕೂ ಇದೇ ಕಾನೂನು ಒಂದು ಕಾರಣ. ಐವತ್ತು ವರ್ಷದೊಳಗೆ ಹೊರತರದ ಧ್ವನಿಮುದ್ರಣಕ್ಕೆ ಅಲ್ಲಿ ರಕ್ಷಣೆ ತಪ್ಪುತ್ತದೆ. 2012ರಲ್ಲಿ ಡಿಲನ್‌ನ ಒಂದು ಸಂಗ್ರಹವನ್ನು ಬರೀ ನೂರರಷ್ಟು ಪ್ರತಿ ಮಾಡಿ, ಹಕ್ಕುಸ್ವಾಮ್ಯ ಉಳಿಸಿಕೊಳ್ಳಲೆಂದೇ ತಂದದ್ದೆಂದು ಉಪಶೀರ್ಷಿಕೆಯಲ್ಲೇ ಒಪ್ಪಿಕೊಂಡು ಯುರೋಪಿನಲ್ಲಿ ಬಿಟ್ಟರು.

ಭಾರತದ ಹಳೆಯ ಮುದ್ರಣಗಳು. ಕೋಲ್ಕತ್ತಾದ ದಮ್‌ದಮ್ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಅಚ್ಚುಹಾಕಿದ ಬೀಟಲ್ಸ್ ಎಲ್‌ಪಿಗಳು ಇಲ್ಲಿನ ಹಳೆಯ ಮನೆಗಳಲ್ಲಿ ಈಗಲೂ ಸಿಗುತ್ತವೆ. ನೆನಪಿಗೆ, ಚರಿತ್ರೆಗೆ ಕೊಳ್ಳಿ. ಶಬ್ದದ ಗುಣಕ್ಕೆಂದು ಲಂಡನ್ ಮುದ್ರಣದ ಬೆಲೆ ಕೊಡಬೇಡಿ.

ಕಂಚಿನ ಬಣ್ಣದ ಸಿಡಿ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಪಿಡಿಒ ಕಾರ್ಖಾನೆಯಲ್ಲಿ ತಯಾರಾದ ಕೆಲವು ಸಿಡಿಗಳು ಅಂಚಿನಿಂದ ಒಳಕ್ಕೆ ಕಂದುಬಣ್ಣಕ್ಕೆ ತಿರುಗಿ ಹಾಳಾಗುತ್ತವೆ. ಹಳೆಯ ಸಿಡಿ ಕೊಳ್ಳುವಾಗ ತೆರೆದು, ತಿರುಗಿಸಿ, ಅಂಚು ನೋಡಿ.

ನಮ್ಮ ಹವೆಗೆ ತಕ್ಕ ಜೋಪಾನ

ಮಂಗಳೂರು, ಶಿವಮೊಗ್ಗದ ಕಡೆಯವರಿಗೆ ಹೇಳಬೇಕಿಲ್ಲ: ಮಳೆಗಾಲದಲ್ಲಿ ರಟ್ಟಿನ ಕವರಿಗೆ ಬೂಷ್ಟು ಹಿಡಿಯುವುದಕ್ಕೆ ಎರಡು ವಾರ ಸಾಕು. ಹೊರಗೋಡೆಗೆ ತಾಗಿದ ಕಪಾಟು ಬೇಡ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಎಲ್‌ಪಿಗಳನ್ನು ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಾಗುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಒಂದು ಗಂಟೆ ಬಿಟ್ಟರೂ ತಟ್ಟೆ ಹಪ್ಪಳ. ಮೆತ್ತನೆಯ ಪಿವಿಸಿ ಹೊದಿಕೆ ವರ್ಷಗಳಾದ ಮೇಲೆ ತಟ್ಟೆಯ ಮೇಲೆ ಮಂಜು ಕಟ್ಟಿಸುತ್ತದೆ, ಪಾಲಿಥಿನ್ ಒಳಚೀಲ ಬಳಸಿ. ಹಳೆಯ ಜೋಡಿ ಸಿಡಿ ಡಬ್ಬಿಗಳಲ್ಲಿ ಸ್ಪಾಂಜ್ ಇದ್ದರೆ ಇವತ್ತೇ ತೆಗೆದುಹಾಕಿ. ಅದು ಕರಗಿ ಡಿಸ್ಕಿಗೆ ಅಂಟುತ್ತದೆ.

ಶುರು ಎಲ್ಲಿಂದ?

ರಾಕ್‌ಗೆ ದ ಹೂ ತಂಡದ ‘ಲೈವ್ ಅಟ್ ಲೀಡ್ಸ್’ ತೆಗೆದುಕೊಳ್ಳಿ. ಮರುಮುದ್ರಣ ಏನೇನು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. 1970ರ ಎಲ್‌ಪಿಯಲ್ಲಿ ಆರೇ ಹಾಡು. ಚಟಪಟ ಸದ್ದು ಇರುವುದು ಸರಿಯೇ, ತಿದ್ದಬೇಡಿ ಎಂದು ಲೇಬಲ್ಲಿನ ಮೇಲೇ ಬರೆದಿದ್ದರು. 1995ರ ಸಿಡಿಯಲ್ಲಿ ಹದಿನಾಲ್ಕು ಹಾಡು, ಸದ್ದನ್ನು ತಿದ್ದಲಾಗಿದೆ ಎಂಬ ತಮಾಷೆಯ ಸಾಲು. 2001ರಲ್ಲಿ ಇಡೀ ಕಾರ್ಯಕ್ರಮ ಬಂತು. ಆರು ಹಾಡಿನದು ಒಂದು ಗುದ್ದು. ಹದಿನಾಲ್ಕರದ್ದು ಒಂದು ಸಂಜೆ. ನಾನಾದರೆ 1995ರದ್ದು ಕೊಳ್ಳುತ್ತೇನೆ.

ಬ್ಲೂಸ್‌ಗೆ 2011ರ ರಾಬರ್ಟ್ ಜಾನ್ಸನ್, ಆಮೇಲೆ ಮಡ್ಡಿ ವಾಟರ್ಸ್ ‘ಚೆಸ್ ಬಾಕ್ಸ್’, ಅದರ ಪಕ್ಕಕ್ಕೆ ‘ಫೋಕ್ ಸಿಂಗರ್’. ಕಿವಿ ಹದಕ್ಕೆ ಬಂದ ಮೇಲೆ ಪೀಟರ್ ಗ್ರೀನ್ ಇದ್ದ ಕಾಲದ ಫ್ಲೀಟ್‌ವುಡ್ ಮ್ಯಾಕ್‌ನ ಆರು ಸಿಡಿಗಳ ‘ಬ್ಲೂ ಹೊರೈಜನ್ ಸೆಷನ್ಸ್’ (1999): ಬಿಳಿಯ ಹುಡುಗರು ಲಂಡನ್ನಿನಲ್ಲಿ ಬ್ಲೂಸ್ ಕಲಿತ ಬಗೆ ಅದರಲ್ಲಿ ತಪ್ಪುಒಪ್ಪು ಸಮೇತ ಇದೆ. ಚಾರ್ಲಿ ಪ್ಯಾಟನ್‌ನ ರೆವೆನಂಟ್ ಲೇಬಲ್ಲಿನ ಏಳು ಸಿಡಿಗಳ ಪೆಟ್ಟಿಗೆ (2001) ಕಣ್ಣಿಗೆ ಹಬ್ಬ, ಜೇಬಿಗೆ ಭಾರ. ಅದಕ್ಕೆ ಕೈಹಾಕುವ ಮೊದಲು ಅವನ ಒಂದೇ ಒಂದು ಅಗ್ಗದ ಸಿಡಿ ತಂದು ವಾರವಿಡೀ ಕೇಳಿ. ಆ ಚರಪರದ ಹಿಂದಿನಿಂದ ಹಾಡು ನಿಮಗೆ ಕೇಳತೊಡಗಿದರೆ ಪೆಟ್ಟಿಗೆಯ ಬೆಲೆ ವಿಚಾರಿಸಿ.